ಮೊದಲು ಕೈಯ ಸರದಿ, ಆಮೇಲೆ ಕಣ್ಣಿನದು: ಚಿತ್ರ ಬರೆಯುವಾಗ ಸುಪ್ತ ಮನಸ್ಸನ್ನು ಕೆಲಸಕ್ಕೆ ಹಚ್ಚುವ ಬಗೆ

ಖಾಲಿ ಹಾಳೆಯ ಮುಂದೆ ಕೂತು, ಏನು ಬರೆಯಲಿ ಎಂದು ಯೋಚಿಸುತ್ತಲೇ ಅರ್ಧ ಗಂಟೆ ಕಳೆದುಬಿಡುವವರು ಬಹಳ ಮಂದಿ. ಹೊಳೆದದ್ದನ್ನೆಲ್ಲ ಮನಸ್ಸು ಆ ಕ್ಷಣಕ್ಕೇ ತಳ್ಳಿಹಾಕುತ್ತಿರುತ್ತದೆ: ಇದು ಹಳೆಯದು, ಇದು ನನ್ನಿಂದ ಆಗದು, ಇದನ್ನು ನೋಡಿದವರು ಏನಂದುಕೊಂಡಾರು. ಒಂದು ಗೆರೆಯೂ ಬೀಳುವ ಮೊದಲೇ ತೀರ್ಪು ಬಂದಾಗಿರುತ್ತದೆ.

ಈ ಕಟ್ಟನ್ನು ಬಿಡಿಸಿಕೊಳ್ಳಲು ಇಪ್ಪತ್ತನೇ ಶತಮಾನದ ಚಿತ್ರಕಾರರು ಹಲವು ಉಪಾಯಗಳನ್ನು ಕಂಡುಕೊಂಡರು. ಅದಕ್ಕೆ ಹಿನ್ನೆಲೆಯಾಗಿ ಇದ್ದದ್ದು ಮನೋವಿಶ್ಲೇಷಣೆಯ ಹರಿಕಾರ, ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್. 1899ರ ಕೊನೆಯಲ್ಲಿ ಹೊರಬಂದ, ಕನಸುಗಳನ್ನು ಕುರಿತ ಅವನ ಪುಸ್ತಕ, ನಮಗೆ ಗೊತ್ತಿಲ್ಲದ ಆಸೆ, ಭಯ, ನೆನಪುಗಳು ಒಳಗೊಳಗೇ ಕೆಲಸ ಮಾಡುತ್ತಿರುತ್ತವೆ ಎಂದಿತು. ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಫ್ರೆಂಚ್ ಕವಿ ಆಂದ್ರೆ ಬ್ರೆಟನ್, ಮನಸ್ಸು ಕದಡಿದ ಸೈನಿಕರ ವಾರ್ಡಿನಲ್ಲಿ ಕೆಲಸ ಮಾಡುತ್ತಾ ಅವರ ಮಾತು, ಕನಸುಗಳನ್ನು ಕೇಳಿಸಿಕೊಂಡಿದ್ದ. 1924ರಲ್ಲಿ ಅವನು ಬರೆದ ಅತಿವಾಸ್ತವವಾದದ (ಸರ್ರಿಯಲಿಸಂ) ಪ್ರಣಾಳಿಕೆ, ತರ್ಕದ ಹಿಡಿತವಿಲ್ಲದೆ, ಚಂದ ಚಂದವಲ್ಲ ಎಂಬ ಚಿಂತೆಯಿಲ್ಲದೆ ಮನಸ್ಸು ತಾನಾಗಿ ಹರಿಯುವುದನ್ನೇ ಆ ಪಂಥದ ತಿರುಳಾಗಿ ಹೇಳಿತು.

ಇದರಲ್ಲಿ ಅರ್ಧವನ್ನಷ್ಟೇ ಹಿಡಿದುಕೊಂಡವರು, ತಾನಾಗಿ ಬಂದದ್ದೆಲ್ಲ ಕಲೆಯೇ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಳಮನಸ್ಸು ಕೊಡುವುದು ಕಚ್ಚಾ ಸಾಮಗ್ರಿ. ಅದರಲ್ಲಿ ಯಾವುದು ಜೀವಂತ, ಯಾವುದು ಬರೀ ಗೀಚು ಎಂದು ಆರಿಸಬೇಕಾದದ್ದು ಎಚ್ಚರದ ಕಣ್ಣು. ಕೈಗೆ ಒಂದು ಸರದಿ, ಕಣ್ಣಿಗೆ ಇನ್ನೊಂದು. ಎರಡೂ ಒಂದೇ ಹೊತ್ತಿನಲ್ಲಿ ನಡೆಯಬಾರದು. ಈ ಲೇಖನದ ಹಂತಗಳೆಲ್ಲ ಈ ಒಂದು ಶಿಸ್ತಿನ ಮೇಲೆ ನಿಂತಿವೆ.

ಕೂರುವ ಮೊದಲು

ಅಗ್ಗದ ಕಾಗದ ತೆಗೆದುಕೊಳ್ಳಿ. ದುಬಾರಿ ಹಾಳೆ ಕೈಯನ್ನು ಹೆದರಿಸುತ್ತದೆ, ಹಾಳಾದರೆ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಒಂದೇ ಅಳತೆಯ ಇಪ್ಪತ್ತು ಹಾಳೆಗಳಾದರೂ ಕೈಗೆಟಕುವಂತೆ ಇರಲಿ. 4ಬಿ ಅಥವಾ 6ಬಿಯಂಥ ಮೆತ್ತನೆಯ ಪೆನ್ಸಿಲ್, ಇಲ್ಲವೇ ಸಲೀಸಾಗಿ ಜಾರುವ ಇಂಕ್ ಪೆನ್ನು, ಎರಡರಲ್ಲಿ ಒಂದು ಮಾತ್ರ. ಬಣ್ಣಗಳನ್ನು ಮುಂದೆ ಹರವಿಕೊಳ್ಳಬೇಡಿ. ಯಾವ ಬಣ್ಣ ಎಂದು ಆರಿಸತೊಡಗಿದೊಡನೆ ತೀರ್ಪು ಕೊಡುವ ಮನಸ್ಸು ಮತ್ತೆ ಬಂದು ಕೂರುತ್ತದೆ. ರಬ್ಬರನ್ನು ಕಣ್ಣಿಗೆ ಕಾಣದ ಕಡೆ ಇಡಿ.

ಇಪ್ಪತ್ತು ನಿಮಿಷಕ್ಕೆ ಅಲಾರಾಂ ಇಟ್ಟುಕೊಳ್ಳಿ. ಹೊತ್ತಿನ ಮಿತಿ ಇದ್ದರೆ ಗಡಿಯಾರದ ಚಿಂತೆ ಅಲಾರಾಮಿಗೆ ಸೇರಿದ್ದು, ನಿಮಗೆ ಉಳಿಯುವುದು ಗೆರೆ ಮಾತ್ರ.

ಹಂತ 1: ಗುರಿಯಿಲ್ಲದ ಗೆರೆ

ಫ್ರೆಂಚ್ ಚಿತ್ರಕಾರ ಆಂದ್ರೆ ಮಸ್ಸೋನ್ 1920ರ ದಶಕದ ನಡುವೆ ಮಾಡಿದ ಶಾಯಿಯ ರೇಖಾಚಿತ್ರಗಳು ಈ ಅಭ್ಯಾಸಕ್ಕೆ ಒಳ್ಳೆಯ ಮಾದರಿ. ಅವನು ವಿಷಯ ಇಟ್ಟುಕೊಳ್ಳದೆ ಗೆರೆಯನ್ನು ಓಡಲು ಬಿಡುತ್ತಿದ್ದ. ಓಡುತ್ತ ಓಡುತ್ತ ಒಂದು ಕಡೆ ಕೈ, ಇನ್ನೊಂದು ಕಡೆ ಮೀನು, ಹಕ್ಕಿ, ಗೋಡೆಯಂಥದ್ದೇನೋ ಹುಟ್ಟಿಕೊಳ್ಳುತ್ತಿತ್ತು. ಆಮೇಲಷ್ಟೇ ಅವನು ಅವುಗಳ ಕಡೆ ಗಮನ ಕೊಡುತ್ತಿದ್ದ.

ಪೆನ್ಸಿಲನ್ನು ಹಾಳೆಯ ಯಾವುದಾದರೂ ಜಾಗದಲ್ಲಿ ಊರಿ. ಎತ್ತದೆ ಎಳೆಯುತ್ತಾ ಹೋಗಿ. ವೇಗದ ವಿಷಯದಲ್ಲಿ ಎಚ್ಚರವಿರಲಿ. ತೀರಾ ಜೋರಾದರೆ ತೋಳು ಸುಮ್ಮನೆ ಸುತ್ತುತ್ತದೆ, ಹಾಳೆ ತುಂಬ ಸುರುಳಿಗಳಷ್ಟೇ ಸಿಗುತ್ತವೆ. ತೀರಾ ನಿಧಾನವಾದರೆ ಮುಂದಿನ ತಿರುವನ್ನು ಮನಸ್ಸು ಮೊದಲೇ ಯೋಜಿಸಿಬಿಡುತ್ತದೆ. ಪರಿಚಯದ ಬೀದಿಯಲ್ಲಿ ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ನಡುವೆ ಮುಖವೋ ಮರವೋ ಕಂಡರೆ ಅದನ್ನು ಪೂರ್ತಿ ಮಾಡಲು ಹೋಗಬೇಡಿ. ಗೆರೆ ಅದರ ಮೇಲೆಯೇ ಹಾದುಹೋಗಲಿ. ಹಾಳೆ ತುಂಬಿತು ಅನ್ನಿಸಿದರೆ ಪಕ್ಕಕ್ಕೆ ಸರಿಸಿ, ಮುಂದಿನದನ್ನು ಎತ್ತಿಕೊಳ್ಳಿ. ಹಿಂದಿನದನ್ನು ತಿರುಗಿ ನೋಡಬಾರದು.

ಮೊದಲ ಐದಾರು ಹಾಳೆಗಳಲ್ಲಿ ಬರುವುದು ಹೆಚ್ಚೂಕಡಿಮೆ ಎಲ್ಲರದೂ ಒಂದೇ: ಕಣ್ಣು, ಸುರುಳಿ, ಎಲೆ, ಹೃದಯದ ಆಕಾರ, ಸಹಿಯ ಓರೆ. ಇವನ್ನೇ ಒಳಮನಸ್ಸಿನ ಮಾತು ಎಂದು ಭಾವಿಸುವವರಿದ್ದಾರೆ. ಇವು ಕೈಯ ಬಾಯಿಪಾಠ. ಶಾಲೆಯ ನೋಟ್‌ಬುಕ್ಕಿನ ಅಂಚಿನಲ್ಲಿ ವರ್ಷಗಟ್ಟಲೆ ಗೀಚಿದ್ದು ಮೊದಲು ಹೊರಗೆ ಬರುತ್ತದೆ, ಬರಲಿ. ಆಮೇಲೆ ಬೇಸರ ಬರುತ್ತದೆ, ಇದೆಲ್ಲ ಯಾಕೆ ಬೇಕಿತ್ತು ಅನ್ನಿಸುತ್ತದೆ. ಹೆಚ್ಚಿನವರು ಏಳುವುದು ಆಗಲೇ. ಏಳಬೇಡಿ. ಬಾಯಿಪಾಠ ಮುಗಿದು ಕೈಗೆ ಏನೂ ತೋಚದಾದಾಗಲೇ ಕೆಲಸ ಶುರುವಾಗುವುದು.

ಬದಲಾವಣೆ ಹೇಗೆ ಕಾಣುತ್ತದೆ ಎಂದು ಹತ್ತಿರದಿಂದ ನೋಡೋಣ. ಒಂಬತ್ತನೆಯದೋ ಹತ್ತನೆಯದೋ ಹಾಳೆ. ಮೇಲ್ಭಾಗದಲ್ಲಿ ಗೆರೆ ಹಗುರ, ಬೂದುಬಣ್ಣ, ಎಲ್ಲೂ ನಿಲ್ಲದೆ ಹೋಗಿದೆ. ಎಡಗಡೆ ಕೆಳಮೂಲೆಗೆ ಬಂದಾಗ ತಟ್ಟನೆ ಒತ್ತಡ ಹೆಚ್ಚಿದೆ. ಒಂದೇ ಕೋನವನ್ನು ಪೆನ್ಸಿಲ್ ಮತ್ತೆ ಮತ್ತೆ ಕೊರೆದು ಕಾಗದ ಹೊಳೆಯುವಷ್ಟು ಗ್ರಾಫೈಟ್ ಕೂತಿದೆ, ಹಿಂಬದಿಗೆ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಅಲ್ಲಿಂದ ಹೊರಟ ಗೆರೆ ಬಲಕ್ಕೆ ನೇರ ಓಡಿ, ಅಂಚಿಗೆ ಇನ್ನೇನು ತಾಗಬೇಕು ಅನ್ನುವಲ್ಲಿ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿದೆ. ಮುಂದಿನ ಹಾಳೆಯಲ್ಲೂ ಅದೇ ಕೊಕ್ಕೆ, ಈ ಸಲ ತಲೆಕೆಳಗಾಗಿ. ಅದು ಏನೆಂದು ನಿಮಗೆ ಗೊತ್ತಿಲ್ಲ, ಯೋಚಿಸಿ ಬರೆದಿದ್ದೂ ಅಲ್ಲ, ಆದರೂ ಕೈ ಅದಕ್ಕೇ ಹಿಂದಿರುಗುತ್ತಿದೆ. ಒತ್ತಡ, ನಿಲುಗಡೆ, ಮರುಕಳಿಕೆ: ಈ ಮೂರನ್ನು ಹುಡುಕಲು ಕಲಿತರೆ ಸಾಕು. ಮುಖ, ಪ್ರಾಣಿಗಳಂಥ ಆಕೃತಿ ಕಾಣಿಸಲೇಬೇಕು ಎಂದೇನಿಲ್ಲ.

ಹಂತ 2: ಕೈ ಜಾಣತನ ತೋರಿಸುತ್ತಿದ್ದರೆ

ಚಿತ್ರಕಲೆ ಕಲಿತವರಿಗೆ ಹೊಸಬರಿಗಿಂತ ಹೆಚ್ಚು ಕಷ್ಟ. ಅವರ ಗೆರೆ ತಂತಾನೇ ಅಂದವಾಗಿ ಬಾಗುತ್ತದೆ. ಅಮೆರಿಕದ ಸೈ ಟ್ವಾಂಬ್ಲಿ 1950ರ ದಶಕದ ಮೊದಲ ಭಾಗದಲ್ಲಿ ಸೈನ್ಯದಲ್ಲಿ ಸಂಕೇತಲಿಪಿ ವಿಭಾಗದಲ್ಲಿದ್ದಾಗ, ರಾತ್ರಿ ಕತ್ತಲಲ್ಲಿ ಕೂತು ಚಿತ್ರ ಬರೆಯುತ್ತಿದ್ದ. ಕಲಿತ ಕೌಶಲವನ್ನು ಕಳಚುವುದು ಅವನ ಉದ್ದೇಶವಾಗಿತ್ತು. ಅವನ ಮುಂದಿನ ದೊಡ್ಡ ಕೃತಿಗಳಲ್ಲಿ ಕಾಣುವ ಆ ತಡವರಿಸುವ ಗೆರೆಗೆ ಬೇರು ಅಲ್ಲಿದೆ.

ನೀವೂ ದೀಪ ಆರಿಸಿ ಬರೆಯಬಹುದು, ಎಡಗೈ ಬಳಸಬಹುದು, ಎದುರಿಗಿರುವ ವಸ್ತುವಿನ ಮೇಲೆಯೇ ಕಣ್ಣಿಟ್ಟು ಹಾಳೆಯನ್ನು ನೋಡದೆ ಅದರ ಅಂಚನ್ನು ಎಳೆಯಬಹುದು. ಯಾವುದಾದರೂ ಒಂದನ್ನು ಹಿಡಿದು ವಾರ ಪೂರ್ತಿ ಮಾಡಿ. ದಿನಕ್ಕೊಂದು ತಂತ್ರ ಬದಲಿಸಿದರೆ ಮನಸ್ಸಿಗೆ ಹೊಸತನದ ಖುಷಿ ಸಿಗುತ್ತದೆಯೇ ಹೊರತು ಕೈಯ ಅಭ್ಯಾಸ ಮುರಿಯುವುದಿಲ್ಲ.

ಹಂತ 3: ಉಜ್ಜಿ ತೆಗೆಯುವುದು

ಗೆರೆ ಎಳೆಯಲು ಸಂಕೋಚಪಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅತಿವಾಸ್ತವವಾದಿ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ತನ್ನ ಬರಹದಲ್ಲಿ ಇದಕ್ಕೆ ಒಂದು ತಾರೀಕನ್ನೇ ಕೊಟ್ಟಿದ್ದಾನೆ: 1925ರ ಆಗಸ್ಟ್ 10. ಫ್ರಾನ್ಸಿನ ಕಡಲತೀರದ ಒಂದು ವಸತಿಗೃಹ, ಹೊರಗೆ ಮಳೆ. ತಿಕ್ಕಿ ತಿಕ್ಕಿ ತೊಳೆದು ಮರದ ನೆಲಹಾಸಿನ ಗೀರುಗಳು ಎದ್ದು ಕಾಣುತ್ತಿದ್ದವು. ಅವುಗಳ ಮೇಲೆ ನೆಟ್ಟ ನೋಟ ಕೀಳಲಾಗಲಿಲ್ಲ. ಹಾಳೆಗಳನ್ನು ನೆಲದ ಮೇಲೆ ಸಿಕ್ಕ ಸಿಕ್ಕಲ್ಲಿ ಬೀಳಿಸಿ, ಮೇಲಿನಿಂದ ಪೆನ್ಸಿಲ್ ಸೀಸದಿಂದ ಉಜ್ಜಿದ. ಕಾಡು, ಕಡಲು, ಪ್ರಾಣಿಗಳು ಮೂಡತೊಡಗಿದವು. ಆಮೇಲೆ ಎಲೆ, ಗೋಣಿಬಟ್ಟೆಯ ಹರಿದ ಅಂಚು, ಬಿಚ್ಚಿದ ದಾರ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜಿ ನೋಡಿದ. ಆ ಚಿತ್ರಗಳಲ್ಲಿ 34 ಮರುವರ್ಷ ಒಂದು ಸಂಪುಟವಾಗಿ ಅಚ್ಚಾದವು.

ತೆಳುವಾದ ಕಾಗದ ಬೇಕು, ದಪ್ಪದ್ದರಲ್ಲಿ ಉಬ್ಬುತಗ್ಗು ಮೂಡುವುದಿಲ್ಲ. ಪೆನ್ಸಿಲನ್ನು ಮಲಗಿಸಿ ಹಿಡಿದು ಹಗುರವಾಗಿ, ಒಂದೇ ದಿಕ್ಕಿನಲ್ಲಿ ಉಜ್ಜಿ. ಹಾಳೆ ಸರಿಯದಂತೆ ಇನ್ನೊಂದು ಕೈಯಲ್ಲಿ ಅದುಮಿರಲಿ. ಒಂದು ವಸ್ತುವನ್ನು ಪೂರ್ತಿ ತೆಗೆದುಬಿಟ್ಟರೆ ಅದು ಆ ವಸ್ತುವಿನ ಅಚ್ಚು ಅಷ್ಟೇ. ಸ್ವಲ್ಪ ತೆಗೆದು, ಹಾಳೆಯನ್ನು ತಿರುಗಿಸಿ ಇನ್ನೊಂದರ ಮೇಲಿಟ್ಟು ಮತ್ತೆ ಉಜ್ಜಿ. ಮರದ ಗೀರು ಇನ್ನಾವುದೋ ನೇಯ್ಗೆಯೊಂದಿಗೆ ಕೂಡಿದಾಗ ಎರಡೂ ತಮ್ಮ ಗುರುತು ಕಳೆದುಕೊಳ್ಳುತ್ತವೆ. ಆಗ ಕಣ್ಣು ತನ್ನೊಳಗಿನದನ್ನು ಅಲ್ಲಿ ತುಂಬಲು ತೊಡಗುತ್ತದೆ. ಮೋಡದಲ್ಲಿ ಮುಖ ಕಾಣುವುದೂ ಮೆದುಳಿನ ಇದೇ ಸ್ವಭಾವದಿಂದ. ಕಲೆ ಹಿಡಿದ ಗೋಡೆಗಳನ್ನು ದಿಟ್ಟಿಸಿ ನೋಡಿ, ಅಲ್ಲಿ ಬೆಟ್ಟಗುಡ್ಡ, ಕಾಳಗ, ಮುಖಗಳು ಸಿಗುತ್ತವೆ ಎಂದು ಲಿಯೊನಾರ್ಡೊ ಡಾ ವಿಂಚಿ ಚಿತ್ರಕಾರರಿಗೆ ಹೇಳಿದ್ದು ಇದಕ್ಕೂ ನಾಲ್ಕು ಶತಮಾನ ಮೊದಲು.

ಹಂತ 4: ಒತ್ತಿ ಎತ್ತುವುದು

ಬಣ್ಣ ಬರುವುದು ಇಲ್ಲಿಂದ. ಗ್ವಾಶ್ ಬಣ್ಣವನ್ನು (ತಳ ಕಾಣದಷ್ಟು ದಟ್ಟವಾದ ಜಲವರ್ಣ) ನೀರಿನಲ್ಲಿ ಸ್ವಲ್ಪ ಸಡಿಲ ಮಾಡಿ, ನುಣುಪು ಹಾಳೆಯ ಮೇಲೆ ಅಲ್ಲಲ್ಲಿ ಹಚ್ಚಿ. ಒಣಗುವ ಮೊದಲೇ ಇನ್ನೊಂದು ಹಾಳೆ ಮುಚ್ಚಿ, ಅಂಗೈಯಿಂದ ಒತ್ತಿ, ಒಂದು ಮೂಲೆಯಿಂದ ಎತ್ತಿ. ನಡುವೆ ಗಾಳಿ ನುಗ್ಗಿ ಬಣ್ಣ ನರನರವಾಗಿ ಕವಲೊಡೆಯುತ್ತದೆ. ಹವಳದ ಹಾಗೆ, ಕೊರಕಲು ಬಂಡೆಯ ಹಾಗೆ. ಚಿತ್ರಕಾರ ಆಸ್ಕರ್ ಡೊಮಿಂಗೆಜ್ 1930ರ ದಶಕದ ನಡುವೆ ಇದನ್ನು ಅತಿವಾಸ್ತವವಾದಿಗಳ ಬಳಗಕ್ಕೆ ತಂದ. ಅರ್ನ್ಸ್ಟ್ ಅದನ್ನು ತೈಲವರ್ಣಕ್ಕೆ ಒಗ್ಗಿಸಿಕೊಂಡು, 1940ರಿಂದ 1942ರವರೆಗೆ, ಯುದ್ಧದ ನಡುವೆ, ನಾಶವಾದ ಯುರೋಪಿನ ದೊಡ್ಡ ಚಿತ್ರವೊಂದನ್ನು ಮಾಡಿದ. ಆ ಚಿತ್ರದಲ್ಲಿ ಒತ್ತಿ ಎತ್ತಿದ ಬಣ್ಣವೇ ಕೊಳೆತ ಬಂಡೆ, ಹೆಣ, ಪಾಚಿ ಎಲ್ಲವೂ ಆಗಿದೆ. ಮೇಲಿನ ಆಕಾಶವನ್ನು ಮಾತ್ರ ಅವನು ಎಚ್ಚರದಿಂದ, ಸಮವಾಗಿ ತುಂಬಿ ಆಕೃತಿಗಳ ಅಂಚನ್ನು ಕತ್ತರಿಸಿದ್ದಾನೆ. ಆಕಸ್ಮಿಕಕ್ಕೂ ಆಯ್ಕೆಗೂ ನಡುವಿನ ಗಡಿ ಕಣ್ಣಿಗೆ ಕಾಣುವ ಹಾಗೆ ಇರುವ ಚಿತ್ರ ಅದು, ಎಷ್ಟು ನೋಡಿದರೂ ಕಲಿಯುವುದಿದೆ.

ಜೊತೆಗೆ ಕೆಲಸ ಮಾಡುವವರಿದ್ದರೆ, 1925ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಮಡಚು ಹಾಳೆಯ ಆಟವನ್ನೂ ಆಡಬಹುದು: ಒಬ್ಬರು ತಲೆ ಬರೆದು ಮಡಚಿ ಕೊಡುವುದು, ಮುಂದಿನವರು ನೋಡದೆ ಮುಂಡ, ಮತ್ತೊಬ್ಬರು ಕಾಲು. ಒಬ್ಬರೇ ಕೂತು ಹೊಳೆಸಿಕೊಳ್ಳಲಾಗದ ಜೋಡಣೆ ಇದರಲ್ಲಿ ಸಿಗುತ್ತದೆ.

ಹಂತ 5: ಮಂಪರಿನ ಅಂಚು

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ ಬೆರಳ ನಡುವೆ ಭಾರದ ಕೀಲಿ ಹಿಡಿದು, ಕೆಳಗೆ ನೆಲದ ಮೇಲೆ ತಟ್ಟೆ ಬೋರಲು ಹಾಕಿ, ಕುರ್ಚಿಯಲ್ಲಿ ಒರಗುತ್ತಿದ್ದ. ಮಂಪರು ಹತ್ತಿದೊಡನೆ ಬೆರಳು ಸಡಿಲಾಗಿ ಕೀಲಿ ತಟ್ಟೆಗೆ ಬಿದ್ದು ಎಚ್ಚರವಾಗುತ್ತಿತ್ತು. 1948ರ ಪುಸ್ತಕದಲ್ಲಿ ಇದನ್ನು ಅವನು ಚಿತ್ರಕಾರರಿಗೆ ಸಲಹೆಯಾಗಿಯೇ ಬರೆದ. ಪ್ಯಾರಿಸ್ಸಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಥದ್ದನ್ನೇ ಪರೀಕ್ಷಿಸಿದರು. ಕೊಟ್ಟಿದ್ದು ಗಣಿತದ ಸಮಸ್ಯೆ, ಅದರಲ್ಲಿ ಒಂದು ಸುಲಭದ ನಿಯಮ ಅಡಗಿತ್ತು. ನಡುವಿನ ವಿರಾಮದಲ್ಲಿ ಎಚ್ಚರವಾಗಿಯೇ ಉಳಿದವರಲ್ಲಿ ಶೇ 30ರಷ್ಟು ಮಂದಿ ಅದನ್ನು ಕಂಡುಹಿಡಿದರು. ನಿದ್ದೆಯ ಮೊದಲ ಮೆಟ್ಟಿಲಲ್ಲಿ 15 ಸೆಕೆಂಡಾದರೂ ಕಳೆದವರಲ್ಲಿ ಶೇ 83. ಇನ್ನೂ ಆಳಕ್ಕೆ ಜಾರಿದವರಲ್ಲಿ ಶೇ 14 ಮಾತ್ರ. ಗಣಿತಕ್ಕೂ ಚಿತ್ರಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೂ ಆ ಕಿರಿದಾದ ಅಂಚಿನಲ್ಲಿ ಏನೋ ನಡೆಯುತ್ತದೆ ಎಂಬ ಚಿತ್ರಕಾರರ ನಂಬಿಕೆ ಪೊಳ್ಳಲ್ಲ ಎನ್ನಲು ಇಷ್ಟು ಸಾಕು.

ಮಧ್ಯಾಹ್ನ ತೂಕಡಿಕೆ ಬರುವ ಹೊತ್ತಿನಲ್ಲಿ ಚಮಚವೋ ಕೀಲಿಯೋ ಹಿಡಿದು ಕೂರಿ. ಎದ್ದ ತಕ್ಷಣ ಕಂಡದ್ದನ್ನು ಬರೆಯಿರಿ, ಮಾತಿನಲ್ಲಿ ಅಲ್ಲ, ಗೆರೆಯಲ್ಲಿ. ಮಾತಿಗೆ ಇಳಿಸಿದರೆ ಅದು ಕಥೆಯಾಗುತ್ತದೆ, ಮನಸ್ಸು ನಡುವಿನ ಕೊಂಡಿಗಳನ್ನು ಸೇರಿಸಿಬಿಡುತ್ತದೆ. ನಿದ್ದೆ ಬಾರದ ರಾತ್ರಿಗಳೂ ಕೆಲಸಕ್ಕೆ ಬರುತ್ತವೆ. ಕಲಾವಿದೆ ಲೂಯಿಸ್ ಬೂರ್ಜ್ವಾ 1994 ಮತ್ತು 1995ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ನಿದ್ರಾಹೀನ ರಾತ್ರಿಗಳಲ್ಲಿ ಮಾಡಿದ 220 ಚಿತ್ರಗಳ ಸರಣಿಯೇ ಇದೆ.

ಆದರೆ ಬೇಕೆಂದೇ ನಿದ್ದೆ ಕೆಡಿಸಿಕೊಳ್ಳುವುದು, ಅಮಲಿನ ನೆರವು ಪಡೆಯುವುದು ಬೇಡ. 1922ರಲ್ಲಿ ಬ್ರೆಟನ್ನನ ಬಳಗ ಸಮ್ಮೋಹನದ ನಿದ್ದೆಯ ಪ್ರಯೋಗಗಳಿಗೆ ಇಳಿದಿತ್ತು. ಕೆಲವರು ತಮಗೂ ಜೊತೆಯವರಿಗೂ ಅಪಾಯ ತಂದುಕೊಳ್ಳುವ ಮಟ್ಟಕ್ಕೆ ಹೋದಾಗ ಬ್ರೆಟನ್ನನೇ ಅದನ್ನು ನಿಲ್ಲಿಸಿದ. ನಿಮ್ಮ ಹಾಳೆಯ ಮೇಲೂ ತಡೆದುಕೊಳ್ಳಲಾಗದ ನೆನಪು ಎದ್ದು ಬಂದರೆ ಪೆನ್ಸಿಲ್ ಕೆಳಗಿಟ್ಟು ಏಳಿ, ಹತ್ತಿರದವರ ಜೊತೆ ಮಾತಾಡಿ. ಅದು ಕಾಡುತ್ತಲೇ ಇದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಚಿತ್ರ ಕಾಯುತ್ತದೆ.

ಹಂತ 6: ಎತ್ತಿಡುವುದು

ಪ್ರತಿ ಹಾಳೆಯ ಹಿಂದೆ ತಾರೀಕು ಹಾಕಿ, ಡ್ರಾಯರಿನಲ್ಲಿಟ್ಟು ಒಂದು ವಾರ ಮುಟ್ಟಬೇಡಿ. ಇನ್ನೊಬ್ಬರಿಗೆ ತೋರಿಸಲೂಬೇಡಿ.

ಹಂತ 7: ಕಣ್ಣಿನ ಸರದಿ

ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಮಾತಾಡಿರುವುದು ಇದರ ಬಗ್ಗೆ, ಅತ್ಯಂತ ಹೆಚ್ಚು ಹೊತ್ತು ಕೊಡಬೇಕಾದದ್ದೂ ಇದಕ್ಕೇ.

ಸ್ಪೇನಿನ ಚಿತ್ರಕಾರ ಜೊವಾನ್ ಮಿರೋ 1925ರಲ್ಲಿ ಮಾಡಿದ, ಜಗತ್ತಿನ ಹುಟ್ಟು ಎಂಬರ್ಥದ ಹೆಸರಿನ ದೊಡ್ಡ ಕ್ಯಾನ್ವಾಸನ್ನು ನೋಡಿ. ಕ್ಯಾನ್ವಾಸಿಗೆ ತಳದ ಲೇಪವನ್ನೇ ಅವನು ಏರುಪೇರಾಗಿ ಹಚ್ಚಿದ. ಆಮೇಲೆ ಬಣ್ಣ ಸುರಿದ, ಎರಚಿದ, ಒರೆಸಿದ. ಕೆಲವು ಕಡೆ ಬಟ್ಟೆ ಬಣ್ಣ ಹೀರಿಕೊಂಡಿತು, ಕೆಲವು ಕಡೆ ಅದು ಮೇಲೆಯೇ ನಿಂತು ಇಳಿಯಿತು. ಇಷ್ಟು ಆಕಸ್ಮಿಕ. ಅದರ ಮೇಲೆ ಕೂತ ಕೆಂಪು ವೃತ್ತ, ಕಪ್ಪು ತ್ರಿಕೋನ, ಸಣ್ಣ ಗೆರೆಗಳನ್ನು ಮಾತ್ರ ಅಳೆದು ತೂಗಿ ಇಟ್ಟಿದ್ದಾನೆ. ತನ್ನ ಕೆಲಸದ ಮೊದಲ ಘಟ್ಟ ಮುಕ್ತ, ಎರಡನೆಯದು ಎಚ್ಚರದ ಲೆಕ್ಕಾಚಾರ ಎಂದು ಅವನೇ ಮುಂದೆ ಹೇಳಿದ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಕೂಡ ಹಾಗೇ. 1939ರಿಂದ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್‌ನ ಪಂಥದ ಮನೋವಿಶ್ಲೇಷಣೆಗೆ ಹೋಗುತ್ತಿದ್ದ, 1947ರಿಂದ ನೆಲದ ಮೇಲೆ ಹಾಸಿದ ಕ್ಯಾನ್ವಾಸಿಗೆ ಬಣ್ಣ ಸುರಿದ ಅವನು, ಚಿತ್ರದೊಳಗೆ ಇರುವಾಗ ಏನು ಮಾಡುತ್ತಿದ್ದೇನೆಂಬ ಅರಿವು ಇರುವುದಿಲ್ಲ ಎಂದ. ಅಷ್ಟನ್ನೇ ಜನ ನೆನಪಿಟ್ಟುಕೊಂಡಿದ್ದಾರೆ. ಚಿತ್ರದ ಜೊತೆ ಪರಿಚಯ ಬೆಳೆಸಿಕೊಂಡ ಮೇಲೆ ತಾನು ಏನು ಮಾಡುತ್ತಿದ್ದೆ ಎಂದು ಕಾಣತೊಡಗುತ್ತದೆ ಎಂದು ಅದೇ ಉಸಿರಿನಲ್ಲಿ ಹೇಳಿದ್ದನ್ನು ಮರೆತಿದ್ದಾರೆ.

ಹಾಗಾಗಿ ವಾರದ ನಂತರ ಹಾಳೆಗಳನ್ನೆಲ್ಲ ಗೋಡೆಗೆ ಅಂಟಿಸಿ, ಆರೇಳು ಅಡಿ ಹಿಂದೆ ನಿಲ್ಲಿ. ಮೊದಲು ಓದಬೇಡಿ, ಎಣಿಸಿ: ಯಾವ ಆಕಾರ ಎಷ್ಟು ಸಲ ಬಂದಿದೆ, ಯಾವ ಮೂಲೆ ಯಾವಾಗಲೂ ಖಾಲಿ, ಎಲ್ಲಿ ಒತ್ತಡ. ಪ್ರತಿ ಹಾಳೆಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿ. ಚಂದ ಕಾಣುವುದನ್ನು ಪಕ್ಕಕ್ಕಿಡಿ. ಹೌದು, ಚಂದ ಇರುವುದನ್ನೇ. ಅದು ನಿಮಗೆ ಮೊದಲೇ ಗೊತ್ತಿದ್ದದ್ದು. ನೋಡಿದರೆ ಸ್ವಲ್ಪ ಮುಜುಗರ ಆಗುವ, ಆದರೂ ಕಣ್ಣು ಹೊರಳಿ ಅಲ್ಲಿಗೇ ಹೋಗುವ ಎರಡು ಮೂರು ಹಾಳೆ ಇಟ್ಟುಕೊಳ್ಳಿ. ಅವುಗಳ ಮೇಲೆ ತೆಳ್ಳನೆಯ ಕಾಗದ ಹಾಸಿ ಕೆಲವೇ ಗೆರೆ ಗಟ್ಟಿ ಮಾಡಿ, ಉಳಿದವನ್ನು ಬಿಟ್ಟುಬಿಡಿ.

ರವೀಂದ್ರನಾಥ ಟ್ಯಾಗೋರರ ಚಿತ್ರಕಲೆ ಹುಟ್ಟಿದ್ದು ಹೆಚ್ಚೂಕಡಿಮೆ ಹೀಗೇ. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳ ಗೀಟುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋದಾಗ ವಿಚಿತ್ರ ಹಕ್ಕಿಗಳು, ಮೃಗಗಳು ಎದ್ದವು. ಅರವತ್ತು ದಾಟಿದ ಮೇಲೆ ಹಿಡಿದ ಈ ಹಾದಿಯಲ್ಲಿ ಅವರು ಎರಡು ಸಾವಿರದಷ್ಟು ಚಿತ್ರ ಮಾಡಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ಗೀಟು ಎಳೆದದ್ದು ಕವಿಯ ಕೈ, ಅದರಲ್ಲಿ ಮೃಗ ಕಂಡದ್ದು ಚಿತ್ರಕಾರನ ಕಣ್ಣು.

ಅರ್ಥ ಹುಡುಕುವ ಅವಸರ ಬೇಡ

ಕೊಕ್ಕೆ ಎಂದರೆ ಭಯ, ನೀರು ಎಂದರೆ ತಾಯಿ, ಇಂಥ ಪಟ್ಟಿಗಳನ್ನು ಹತ್ತಿರ ಸೇರಿಸಬೇಡಿ. ಅರ್ಥ ಸಿಕ್ಕಿತು ಅನ್ನಿಸಿದ ಕ್ಷಣದಿಂದ ಕೈ ಆ ಅರ್ಥಕ್ಕೆ ಚಿತ್ರ ಹಾಕಿಕೊಡಲು ತೊಡಗುತ್ತದೆ, ಮುಂದಿನದೆಲ್ಲ ನಾಟಕ. ಟ್ಯಾಗೋರರು ತಮ್ಮ ಚಿತ್ರಗಳಿಗೆ ಹೆಸರಿಡಲು ಒಪ್ಪುತ್ತಿರಲಿಲ್ಲ. ಸ್ವತಃ ಫ್ರಾಯ್ಡನಿಗೂ ಅತಿವಾಸ್ತವವಾದಿಗಳ ಮೇಲೆ ಅಂಥ ಒಲವಿರಲಿಲ್ಲ. 1938ರಲ್ಲಿ ಲಂಡನ್ನಿನಲ್ಲಿ ಡಾಲಿ ಅವನನ್ನು ಕಂಡ. ಹಳೆಯ ಮಹಾನ್ ಚಿತ್ರಗಳಲ್ಲಿ ತಾನು ಸುಪ್ತವಾದದ್ದನ್ನು ಹುಡುಕುತ್ತೇನೆ, ಅತಿವಾಸ್ತವವಾದಿಗಳ ಚಿತ್ರದಲ್ಲಿ ಎಚ್ಚರದ್ದನ್ನು ಎಂದು ಫ್ರಾಯ್ಡ್ ಹೇಳಿದನೆಂಬುದು ಡಾಲಿಯ ಮಾತು. ಕನಸಿನ ಸಂಕೇತಗಳನ್ನು ತಿಳಿದೂ ತಿಳಿದೂ ಜೋಡಿಸಿದ ಚಿತ್ರ ಎಷ್ಟು ವಿಚಿತ್ರವಾಗಿದ್ದರೂ ಎಚ್ಚರದ ಚಿತ್ರವೇ.

ಹಂತ 8: ದೊಡ್ಡ ಕ್ಯಾನ್ವಾಸಿಗೆ ದಾಟಿಸುವುದು

ಆರಿಸಿದ ಹಾಳೆಗೆ ಚೌಕ ಹಾಕಿ, ಅಳತೆಗೆ ಸರಿಯಾಗಿ ಹಿಗ್ಗಿಸಿ ನಕಲು ಮಾಡಿದರೆ ಗೆರೆ ಸತ್ತುಹೋಗುತ್ತದೆ. ಮಸ್ಸೋನನಿಗೂ ಇದೇ ತೊಡಕು ಎದುರಾಯಿತು. ಶಾಯಿಯ ಪೆನ್ನಿನ ಓಟ ತೈಲವರ್ಣದ ಕುಂಚಕ್ಕೆ ಬರಲಿಲ್ಲ. ಬಣ್ಣ ಅದ್ದಬೇಕು, ಕಲಸಬೇಕು, ಕಾಯಬೇಕು. 1926ರ ಸುಮಾರಿಗೆ ಅವನು ಕ್ಯಾನ್ವಾಸಿನ ಮೇಲೆ ಅಂಟನ್ನು ಮನಬಂದಂತೆ ಹರಿಯಬಿಟ್ಟು ಮೇಲೆ ಮರಳು ಎರಚಿದ. ಅಂಟಿದ್ದು ಉಳಿಯಿತು, ಉಳಿದದ್ದನ್ನು ಕೊಡವಿದ. ಮರಳಿನ ಆ ದ್ವೀಪಗಳು ಏನು ಸೂಚಿಸುತ್ತವೋ ನೋಡಿ, ಕೆಲವೇ ಗೆರೆ, ಟ್ಯೂಬಿನಿಂದ ನೇರವಾಗಿ ಹಿಂಡಿದ ಒಂದಿಷ್ಟು ಬಣ್ಣ ಸೇರಿಸಿದ. ಕಾದಾಡುವ ಮೀನುಗಳ ಅವನ ಪ್ರಸಿದ್ಧ ಚಿತ್ರ ಹುಟ್ಟಿದ್ದು ಹೀಗೆ.

ನೀವು ದಾಟಿಸಬೇಕಾದದ್ದೂ ಆಕಾರವನ್ನಲ್ಲ, ಚಲನೆಯನ್ನು. ಆರಿಸಿದ ಹಾಳೆಯಲ್ಲಿ ಕೈ ಎಲ್ಲಿ ಒತ್ತಿತ್ತು, ಎಲ್ಲಿ ತಿರುಗಿತ್ತು ಎಂದು ಬರಿಗೈಯಲ್ಲಿ ಗಾಳಿಯಲ್ಲೇ ಹತ್ತು ಹನ್ನೆರಡು ಸಲ ಆಡಿಸಿ, ತೋಳಿಗೆ ಅದು ರೂಢಿಯಾಗಲಿ. ಹಾಳೆಯನ್ನು ಮಗುಚಿಟ್ಟು, ಕ್ಯಾನ್ವಾಸನ್ನು ನೆಲಕ್ಕೆ ಹಾಕಿ. ಪೆನ್ಸಿಲಿನ ಬದಲು ಅಂಟಿನ ಬಾಟಲಿಯಿಂದಲೋ ದೊಡ್ಡ ಕುಂಚದಿಂದಲೋ ಆ ಚಲನೆಯನ್ನು ಒಂದೇ ಸಲಕ್ಕೆ ಮಾಡಿ ಮುಗಿಸಿ. ತಿದ್ದಬೇಡಿ. ಮರಳು ಎರಚುವುದಾದರೆ ಅಂಟು ಹಸಿಯಿರುವಾಗಲೇ ಎರಚಿ, ರಾತ್ರಿ ಪೂರ್ತಿ ಒಣಗಲು ಬಿಟ್ಟು, ಮರುದಿನ ಕ್ಯಾನ್ವಾಸನ್ನು ನಿಲ್ಲಿಸಿ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಉದುರುವುದೆಲ್ಲ ಉದುರಿದ ಮೇಲೆ ಗೋಡೆಗೆ ಒರಗಿಸಿ, ಮತ್ತೆ ಕಣ್ಣಿನ ಸರದಿ ಶುರುಮಾಡಿ.